ಪಾಳೆಯ, ಲಗ್ಗೆ, ಶರಣಾಗತಿ: ರೋಮನ್ ಯುದ್ಧಕಥನ ಓದಲು ಬೇಕಾದಷ್ಟು ಲ್ಯಾಟಿನ್

ರೋಮನ್ನರ ಯುದ್ಧಗಳ ಬಗ್ಗೆ ಓದುವ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ದಿನ ಲ್ಯಾಟಿನ್ ಎದುರಾಗಿಯೇ ತೀರುತ್ತದೆ. ಇಂಗ್ಲಿಷ್ ಪುಸ್ತಕಗಳು ಲೀಜನ್, ಸೆಂಚುರಿಯನ್ ಎಂದು ಸಲೀಸಾಗಿ ಶುರುವಾಗುತ್ತವೆ. ಒಂದೆರಡು ಅಧ್ಯಾಯ ಕಳೆಯುವಷ್ಟರಲ್ಲಿ ವಲ್ಲುಮ್, ಅಗ್ಗೆರ್, ಸಿಗ್ನಿಫೆರ್, ಅಕಿಯೇಸ್ ಎಂಬ ಮೂಲಪದಗಳು ಓರೆ ಅಕ್ಷರಗಳಲ್ಲಿ ಸಾಲುಗಟ್ಟುತ್ತವೆ. ಪುಸ್ತಕದ ಕೊನೆಯ ಪದಪಟ್ಟಿಯನ್ನು ತಿರುವಿ ಸುಸ್ತಾದವರು ‘ಇಷ್ಟು ದೂರ ಬಂದ ಮೇಲೆ ಸೀಸರ್ ಬರೆದದ್ದನ್ನೇ ಓದಿದರೆ ಹೇಗೆ?’ ಎಂದುಕೊಳ್ಳುವುದೂ ಉಂಟು. ಈ ಲೇಖನ ಅಂಥವರಿಗೆ.

ಅದು ಕೈಗೆಟುಕದ ಆಸೆಯೇನಲ್ಲ. ಜೂಲಿಯಸ್ ಸೀಸರ್ ತಾನು ಗಾಲ್ ದೇಶದಲ್ಲಿ ನಡೆಸಿದ ಯುದ್ಧಗಳ ಬಗ್ಗೆ, ಕ್ರಿ.ಪೂ. 58ರಿಂದ 52ರವರೆಗಿನ ಘಟನೆಗಳನ್ನು ಹಿಡಿದು, ಏಳು ಪುಸ್ತಕ ಬರೆದ. ಎಂಟನೆಯದನ್ನು ಅವನ ಅಧಿಕಾರಿ ಔಲುಸ್ ಹಿರ್ತಿಯುಸ್ ಬರೆದು ಸೇರಿಸಿದ. ಸೀಸರನ ಬರಹದಲ್ಲಿ ಅಲಂಕಾರ ಕಡಿಮೆ, ಪದಗಳ ಸಂಖ್ಯೆಯೂ ಕಡಿಮೆ. ಸೇನೆ ನಡೆಯುತ್ತದೆ, ಪಾಳೆಯ ಹೂಡುತ್ತದೆ, ಬೇಹಿನವರು ಸುದ್ದಿ ತರುತ್ತಾರೆ, ಪಡೆ ಸಾಲುಗೂಡುತ್ತದೆ, ಕದನವಾಗುತ್ತದೆ, ಊರೊಂದು ಶರಣಾಗುತ್ತದೆ. ಮರುವರ್ಷ ಮತ್ತೆ ಇದೇ. ಒಂದು ದಂಡಯಾತ್ರೆಯ ಪದಗಳನ್ನು ಚೆನ್ನಾಗಿ ಕಲಿತರೆ ಉಳಿದವೂ ತೆರೆದುಕೊಳ್ಳುತ್ತವೆ.

ಕಲಿಯುವ ಬಗೆಗೆ ನನ್ನ ಸಲಹೆ ಎರಡೇ. ಯಾವ ಯುದ್ಧಪದವನ್ನೂ ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಅದು ಯಾವ ಕ್ರಿಯಾಪದದ ಜೊತೆ ಬರುತ್ತದೋ ಅದರ ಸಮೇತ ಕಲಿಯಿರಿ. ಮತ್ತೆ, ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಕೋಟೆ, ಕೊತ್ತಲ, ಕಂದಕ, ಲಗ್ಗೆ, ಮುತ್ತಿಗೆ, ದಂಡು, ಬೀಡು ಇವೆಲ್ಲ ಇರುವ ನುಡಿ ನಮ್ಮದು. ಲ್ಯಾಟಿನ್ನಿನ ಸೇನಾಪದಗಳಿಗೆ ಇಲ್ಲಿ ಸಿದ್ಧ ಜೋಡಿಗಳಿವೆ.

ಉಚ್ಚಾರ: ನಮ್ಮ ಲಿಪಿಯ ಅನುಕೂಲ

ಸೀಸರನ ಕಾಲದ ಉಚ್ಚಾರದ ನಿಯಮಗಳು ಕೆಲವೇ. ಇಂಗ್ಲಿಷಿನ ಸಿ ಅಕ್ಷರ ಎಲ್ಲಿ ಬಂದರೂ ‘ಕ’, ಜಿ ಅಕ್ಷರ ಎಲ್ಲಿ ಬಂದರೂ ‘ಗ’. ವಿ ಅಕ್ಷರವನ್ನು ತುಟಿ ದುಂಡಗೆ ಮಾಡಿ ‘ವ’ ಎನ್ನಬೇಕು. ಎ ಮತ್ತು ಇ ಅಕ್ಷರಗಳು ಒಟ್ಟಿಗೆ ಬಂದರೆ ‘ಐ’. ಹೀಗಾಗಿ ಸೀಸರ್ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದದ್ದು ‘ಕೈಸರ್’ ಎಂದು. ಸ್ವರದ ಮುಂದೆ ಬರುವ ಐ ಅಕ್ಷರ ಪದದ ಮೊದಲಲ್ಲಿ ‘ಯ’ ಆಗುತ್ತದೆ. ನಿಘಂಟಿನಲ್ಲಿ ಹುಡುಕುವಾಗ ಇದನ್ನೇ ತಿರುಗಿಸಿಕೊಳ್ಳಿ.

ಲ್ಯಾಟಿನ್ನಿನಲ್ಲಿ ಹ್ರಸ್ವ-ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ವೆನಿತ್’ ಎಂದರೆ ಬರುತ್ತಾನೆ, ‘ವೇನಿತ್’ ಎಂದರೆ ಬಂದ. ‘ಪೆದೆಸ್’ ಎಂದರೆ ಒಬ್ಬ ಕಾಲಾಳು, ‘ಪೆದೇಸ್’ ಎಂದರೆ ಪಾದಗಳು. ರೋಮನ್ ಲಿಪಿಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಕಲಿಕೆಯ ಪುಸ್ತಕಗಳು ದೀರ್ಘ ಸ್ವರದ ಮೇಲೆ ಗೆರೆ ಎಳೆದು ತೋರಿಸುತ್ತವೆ, ಉಳಿದ ಬಹುಪಾಲು ಮುದ್ರಣಗಳಲ್ಲಿ ಆ ಗೆರೆಯೂ ಇರುವುದಿಲ್ಲ. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ ಅಕ್ಷರಗಳು, ದ್ವಿತ್ವಕ್ಕೆ ಒತ್ತಕ್ಷರವಿದೆ. ಆದ್ದರಿಂದ ಪ್ರತಿ ಹೊಸ ಪದವನ್ನೂ ಮೊದಲು ಕನ್ನಡ ಲಿಪಿಯಲ್ಲಿ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ರೋಮನ್ ಲಿಪಿಯ ಕಾಗುಣಿತ ಬರೆದುಕೊಳ್ಳಿ.

ವಿಭಕ್ತಿ ಬಲ್ಲವರಿಗೆ ದಾರಿ ಹತ್ತಿರ

ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಕಲಿತದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಈ ಪುಟ್ಟ ವಾಕ್ಯ ನೋಡಿ: ‘ದುಕ್ಸ್ ಮೀಲಿತಿಬುಸ್ ಸಿಗ್ನುಮ್ ದತ್’. ಕ್ರಮವಾಗಿ ಪದಕ್ಕೊಂದು ಪದ ಇಟ್ಟರೆ ‘ನಾಯಕ ಸೈನಿಕರಿಗೆ ಸೂಚನೆಯನ್ನು ಕೊಡುತ್ತಾನೆ’. ಪ್ರಥಮಾ, ಚತುರ್ಥೀ, ದ್ವಿತೀಯಾ, ಕೊನೆಗೆ ಕ್ರಿಯಾಪದ. ಯಾವುದನ್ನೂ ಹಿಂದೆ ಮುಂದೆ ಮಾಡಬೇಕಿಲ್ಲ. ಕ್ರಿಯಾಪದ ಕೊನೆಯಲ್ಲಿ ಬರುವುದು ಇಂಗ್ಲಿಷ್ ಓದುಗರಿಗೆ ತೊಡಕು, ನಮಗೆ ರೂಢಿ.

ಹೊಸದಾಗಿ ಅರ್ಥಮಾಡಿಕೊಳ್ಳಬೇಕಾದದ್ದು ಅಬ್ಲೇಟಿವ್ ಎಂಬ ಒಂದು ವಿಭಕ್ತಿಯನ್ನು. ತೃತೀಯಾ, ಪಂಚಮಿ, ಸಪ್ತಮಿ ಮೂರರ ಕೆಲಸವೂ ಅದರ ಹೆಗಲ ಮೇಲೆ. ‘ಗ್ಲದಿಯೋ’ ಎಂದರೆ ಕತ್ತಿಯಿಂದ, ‘ಪ್ರೀಮಾ ಲೂಕೆ’ ಎಂದರೆ ನಸುಕಿನಲ್ಲಿ. ಸೀಸರನಿಗೆ ಅಚ್ಚುಮೆಚ್ಚಿನ ಇನ್ನೊಂದು ಪ್ರಯೋಗವೂ ಇದೇ ವಿಭಕ್ತಿಯದು: ‘ಕೋಪಿಯೀಸ್ ಈನ್‌ಸ್ತ್ರೂಕ್ತೀಸ್’, ಅಂದರೆ ‘ಪಡೆಗಳನ್ನು ಸಾಲುಗೂಡಿಸಿದ ಮೇಲೆ’. ಸಂಸ್ಕೃತ ಓದಿದವರಿಗೆ ಇದು ಸತಿ ಸಪ್ತಮಿಯ ಅಣ್ಣತಮ್ಮ. ಓದದವರು ‘-ದ ಮೇಲೆ’ ಎಂದು ಅನುವಾದಿಸಿಕೊಂಡು ಮುಂದೆ ಹೋದರೆ ಹತ್ತರಲ್ಲಿ ಎಂಟು ಸಲ ಅರ್ಥ ಕೂಡಿಬರುತ್ತದೆ.

ನಿಘಂಟಿನಲ್ಲಿ ನಾಮಪದದ ಎರಡು ರೂಪ ಕೊಟ್ಟಿರುತ್ತಾರೆ: ಪ್ರಥಮಾ ಮತ್ತು ಷಷ್ಠಿ. ‘ಮೀಲೆಸ್, ಮೀಲಿತಿಸ್’ (ಸೈನಿಕ, ಸೈನಿಕನ) ಎಂಬಂತೆ. ಎರಡನ್ನೂ ಕಲಿಯಿರಿ, ಏಕೆಂದರೆ ಪದದ ಅಸಲಿ ಅಂಗ ಕಾಣುವುದು ಎರಡನೆಯದರಲ್ಲಿ. ಕ್ರಿಯಾಪದಕ್ಕೆ ನಾಲ್ಕು ರೂಪಗಳಿರುತ್ತವೆ. ‘ಪೆಲ್ಲೋ, ಪೆಲ್ಲೆರೆ, ಪೆಪುಲೀ, ಪುಲ್ಸುಮ್’ ಎಂದರೆ ಹೊಡೆದಟ್ಟು. ಮೊದಲೆರಡನ್ನು ಮಾತ್ರ ಕಲಿತವರಿಗೆ ಪುಟದಲ್ಲಿ ‘ಪುಲ್ಸೀ’ ಎದುರಾದಾಗ ಗುರುತೇ ಸಿಗುವುದಿಲ್ಲ. ‘ಫೆರೋ, ಫೆರ್ರೆ, ತುಲೀ, ಲಾತುಮ್’ (ಹೊರು, ಒಯ್ಯು) ಇನ್ನೂ ಕಿಲಾಡಿ. ನಾಲ್ಕನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡುವುದೊಂದೇ ಉಪಾಯ.

ದಂಡಯಾತ್ರೆಯ ಕ್ರಮದಲ್ಲಿ ಪದಗಳು

ಅಕಾರಾದಿ ಪಟ್ಟಿ ಹಿಡಿದು ಕೂರುವುದಕ್ಕಿಂತ, ಸೇನೆ ಹೊರಟ ಕ್ಷಣದಿಂದ ಶತ್ರು ಶರಣಾಗುವ ತನಕದ ಕ್ರಮದಲ್ಲಿ ಕಲಿಯುವುದು ಲೇಸು. ಒಂದು ಪದ ಮುಂದಿನದನ್ನು ಎಳೆದು ತರುತ್ತದೆ.

*ಪಡೆ.* ಸೇನೆಗೆ ಲ್ಯಾಟಿನ್ನಿನಲ್ಲಿ ಮೂರು ಪದಗಳಿವೆ, ಮೂರೂ ಬೇರೆ. ತರಬೇತಾದ ಒಟ್ಟು ಸೇನೆ ‘ಎಕ್ಸೆರ್ಕಿತುಸ್’. ಅದೇ ಸೇನೆ ದಾರಿಯಲ್ಲಿ ಉದ್ದಕ್ಕೆ ಸಾಗುತ್ತಿದ್ದರೆ ‘ಅಗ್ಮೆನ್’. ಕದನಕ್ಕೆ ಅಗಲಕ್ಕೆ ಸಾಲುಗಟ್ಟಿ ನಿಂತರೆ ‘ಅಕಿಯೇಸ್’. ಅಕಿಯೇಸ್ ಎಂದರೆ ಕತ್ತಿಯ ಅಲಗು ಎಂದೂ ಅರ್ಥ. ಸೀಸರನ ಶತ್ರುಗಳು ಅಗ್ಮೆನ್ ಮೇಲೆ ಎರಗಲು ಕಾಯುತ್ತಿದ್ದದ್ದು ಯಾಕೆಂದು ಈ ಮೂರು ಪದ ತಿಳಿದರೆ ತಾನಾಗಿ ಅರ್ಥವಾಗುತ್ತದೆ: ಸಾಲುಗೂಡದ ಸೇನೆ ಅರ್ಧ ಸೇನೆ.

ಸೇನೆಯ ಒಳಗೆ ‘ಲೆಗಿಯೋ’, ಅದರಲ್ಲಿ ಹತ್ತು ‘ಕೊಹೊರ್ಸ್’, ಸಾಮಾನ್ಯವಾಗಿ ಒಂದು ಕೊಹೊರ್ಸ್‌ನಲ್ಲಿ ಆರು ‘ಕೆಂತುರಿಯ’. ಕೆಂತುಮ್ ಎಂದರೆ ನೂರು. ಆದರೂ ಸಾಮ್ರಾಜ್ಯದ ಕಾಲದ ಕೆಂತುರಿಯದಲ್ಲಿದ್ದದ್ದು ಸುಮಾರು 80 ಜನ. ಒಂದೇ ಗುಡಾರದಲ್ಲಿ ಮಲಗುತ್ತಿದ್ದ ಎಂಟು ಜನರ ಗುಂಪು ‘ಕೊಂತುಬೆರ್ನಿಯುಮ್’. ಕೆಂತುರಿಯದ ಮುಖಂಡ ‘ಕೆಂತುರಿಯೋ’, ಅವನ ಸಹಾಯಕ ‘ಒಪ್ತಿಯೋ’, ಲಾಂಛನ ಹೊರುವವನು ‘ಸಿಗ್ನಿಫೆರ್’, ಲೆಗಿಯೋದ ಹದ್ದಿನ ಲಾಂಛನ ಹೊರುವವನು ‘ಅಕ್ವಿಲಿಫೆರ್’. ಕೊನೆಯ ಎರಡರಲ್ಲೂ ಹೊರು ಎಂಬ ‘ಫೆರ್ರೆ’ ಇದೆ, ಗಮನಿಸಿ.

*ಆಯುಧ.* ‘ಗ್ಲದಿಯುಸ್’ ಗಿಡ್ಡ ಕತ್ತಿ, ‘ಪೀಲುಮ್’ ಎಸೆಯುವ ಭರ್ಜಿ, ‘ಸ್ಕೂತುಮ್’ ದೊಡ್ಡ ಗುರಾಣಿ, ‘ಗಲೆಯ’ ಶಿರಸ್ತ್ರಾಣ, ‘ಲೋರೀಕ’ ಮೈಗವಚ, ‘ಪುಗಿಯೋ’ ಕಠಾರಿ. ಇವನ್ನು ಕಲಿಯಲು ಚಿತ್ರವೇ ಸಾಕು.

*ನಡೆ.* ‘ಇತೆರ್ ಫಕೆರೆ’ ಎಂದರೆ ಪಯಣ ಮಾಡು. ‘ಮಗ್ನುಮ್ ಇತೆರ್’ ಎಂದರೆ ದೊಡ್ಡ ಪಯಣ. ಸೇನೆಯ ಮಾತಿನಲ್ಲಿ ಒಂದೇ ದಿನ ಬಹಳ ದೂರ ಓಡುನಡೆಯಲ್ಲಿ ಸಾಗುವುದು. ದೂರವನ್ನು ಅಳೆಯುವುದು ‘ಮೀಲಿಯ ಪಸ್ಸುವುಮ್’ಗಳಲ್ಲಿ. ಸಾವಿರ ಜೋಡಿಹೆಜ್ಜೆಯ ಒಂದು ರೋಮನ್ ಮೈಲಿ ಸುಮಾರು 1.48 ಕಿಲೋಮೀಟರ್. ರಾತ್ರಿಯನ್ನು ರೋಮನ್ನರು ನಾಲ್ಕು ‘ವಿಗಿಲಿಯ’ಗಳಾಗಿ ಹಂಚುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ‘ಜಾವ’ ಎಂಬ ಪದವಿದ್ದೇ ಇದೆ, ನಮ್ಮ ರಾತ್ರಿಗೂ ನಾಲ್ಕೇ ಜಾವ. ‘ದೇ ತೆರ್ತಿಯಾ ವಿಗಿಲಿಯಾ’ ಎಂದು ಕಂಡರೆ ‘ಮೂರನೇ ಜಾವದಲ್ಲಿ’ ಎಂದು ಓದಿಕೊಳ್ಳಿ. ಇಂಗ್ಲಿಷ್ ಅನುವಾದಕ ಇಲ್ಲೊಂದು ಅಡಿಟಿಪ್ಪಣಿ ಬರೆಯಬೇಕಾಗುತ್ತದೆ, ನಮಗೆ ಬೇಡ.

*ಪಾಳೆಯ.* ‘ಕಸ್ತ್ರ’ ಸದಾ ಬಹುವಚನದಲ್ಲಿರುವ ಪದ. ‘ಕಸ್ತ್ರ ಪೋನೆರೆ’ ಪಾಳೆಯ ಹೂಡು, ‘ಕಸ್ತ್ರ ಮೂನೀರೆ’ ಪಾಳೆಯಕ್ಕೆ ಕಾವಲುಗೋಡೆ ಕಟ್ಟು, ‘ಕಸ್ತ್ರ ಮೊವೇರೆ’ ಪಾಳೆಯ ಕೀಳು. ಕಂದಕ ‘ಫೊಸ್ಸ’. ಅಗೆದ ಮಣ್ಣನ್ನು ಏರಿಯಾಗಿ ಒಟ್ಟಿದರೆ ‘ಅಗ್ಗೆರ್’, ಅದರ ಮೇಲೆ ನೆಟ್ಟ ಗೂಟಗಳ ಬೇಲಿಯೂ ಸೇರಿದರೆ ‘ವಲ್ಲುಮ್’. ಸೇನಾನಿಯ ಬಿಡಾರ ‘ಪ್ರೈತೋರಿಯುಮ್’, ದ್ವಾರ ‘ಪೊರ್ತ’. ಬ್ರಿಟನ್ನಿನ ಚೆಸ್ಟರ್, ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಊರುಗಳ ಹೆಸರಿನ ಬಾಲದಲ್ಲಿ ಇರುವುದು ಇದೇ ಕಸ್ತ್ರ.

*ಕದನ.* ‘ಅಕಿಯೆಮ್ ಈನ್‌ಸ್ತ್ರುವೆರೆ’ ಪಡೆಯನ್ನು ಸಾಲುಗೂಡಿಸು. ‘ಪ್ರೊಯ್ಲಿಯುಮ್ ಕೊಮ್ಮಿತ್ತೆರೆ’ ಕದನಕ್ಕೆ ತೊಡಗು. ‘ಇಂಪೆತುಮ್ ಫಕೆರೆ’ ಮೇಲೇರಿ ಹೋಗು. ‘ಪೀಲ ಮಿತ್ತೆರೆ’ ಭರ್ಜಿ ಎಸೆ. ‘ಮನುಮ್ ಕೋನ್ಸೆರೆರೆ’ ಕೈ ಕೈ ಮಿಲಾಯಿಸು. ‘ಪೆದೆಮ್ ರೆಫೆರ್ರೆ’ ಹಿಂದಡಿ ಇಡು. ‘ತೆರ್ಗ ವೆರ್ತೆರೆ’ ಬೆನ್ನು ತೋರಿಸು. ಕೊನೆಯ ಮೂರನ್ನು ನೋಡಿ: ಲ್ಯಾಟಿನ್ನಿನಲ್ಲೂ ಕೈ, ಅಡಿ, ಬೆನ್ನುಗಳೇ. ನುಡಿಗಟ್ಟಿಗೆ ನುಡಿಗಟ್ಟು ಸಿಕ್ಕಿದಾಗ ನೆನಪಿಡಲು ಬೇರೆ ಕಸರತ್ತು ಬೇಡ.

ರಣರಂಗದ ಸದ್ದಿನಲ್ಲಿ ಸೈನಿಕರು ಕಣ್ಣಿಟ್ಟಿರುತ್ತಿದ್ದದ್ದು ಲಾಂಛನಗಳ ಮೇಲೆ. ಹಾಗಾಗಿ ‘ಸಿಗ್ನ ಈನ್ಫೆರ್ರೆ’ (ಲಾಂಛನಗಳನ್ನು ಒಳನುಗ್ಗಿಸು) ಎಂದರೆ ದಾಳಿ ಮಾಡು, ‘ಸಿಗ್ನ ಕೊನ್‌ವೆರ್ತೆರೆ’ (ಲಾಂಛನಗಳನ್ನು ತಿರುಗಿಸು) ಎಂದರೆ ಪಡೆ ಮುಖ ತಿರುಗಿಸು. ‘ಸಿಗ್ನುಮ್ = ಗುರುತು’ ಎಂದಷ್ಟೇ ಕಲಿತವರು ಇಲ್ಲಿ ಯಾರೋ ಬಾವುಟ ಹಿಡಿದು ಓಡಾಡುತ್ತಿದ್ದಾರೆಂದು ಭಾವಿಸುತ್ತಾರೆ.

*ಮುತ್ತಿಗೆ.* ‘ಒಪ್ಪುಗ್ನಾರೆ’ ಲಗ್ಗೆ ಇಡು. ‘ಎಕ್ಸ್‌ಪುಗ್ನಾರೆ’ ಲಗ್ಗೆ ಇಟ್ಟು ಗೆದ್ದುಕೊ. ‘ಒಬ್ಸಿದೇರೆ’ ಮುತ್ತಿಗೆ ಹಾಕು. ಮೊದಲೆರಡರ ನಡುವಿನ ಅಂತರ ಚರಿತ್ರೆಯನ್ನೇ ಬದಲಿಸಬಲ್ಲದು. ಕ್ರಿ.ಪೂ. 52ರಲ್ಲಿ ಗೆರ್ಗೋವಿಯ ಎಂಬ ಗುಡ್ಡದ ಊರಿಗೆ ಸೀಸರನ ಪಡೆ ಲಗ್ಗೆ ಇಟ್ಟಿತು, ಗೆಲ್ಲಲಾಗದೆ ಹಿಂದೆ ಸರಿಯಿತು. ಎರಡೂ ಪದಕ್ಕೆ ‘ದಾಳಿ’ ಎಂದೇ ಬರೆದುಕೊಂಡಿದ್ದರೆ ಗೆರ್ಗೋವಿಯದ ಸೋಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮುತ್ತಿಗೆಯ ಉಪಕರಣಗಳ ಹೆಸರಲ್ಲಿ ಪ್ರಾಣಿಗಳದೇ ಸಂತೆ. ಗೋಡೆ ಗುದ್ದುವ ತೊಲೆ ‘ಅರಿಯೇಸ್’, ಅಂದರೆ ಟಗರು. ಗುರಾಣಿಗಳನ್ನು ತಲೆಯ ಮೇಲೆ ಹೆಣೆದು ಮುನ್ನುಗ್ಗುವುದು ‘ತೆಸ್ತೂದೋ’, ಆಮೆ. ಬಾಣ ಹಾರಿಸುವ ಯಂತ್ರ ‘ಸ್ಕೊರ್ಪಿಯೋ’, ಚೇಳು. ಕಲ್ಲು ಎಸೆಯುವ ಯಂತ್ರವನ್ನು ಮುಂದಿನ ಕಾಲದವರು ಕಾಡುಕತ್ತೆಯ ಹೆಸರಿನಿಂದ ‘ಒನಗೆರ್’ ಎಂದರು.

*ಸೋಲು.* ಶರಣಾಗತಿ ‘ದೇದಿತಿಯೋ’. ‘ಅರ್ಮ ತ್ರಾದೆರೆ’ ಶಸ್ತ್ರ ಒಪ್ಪಿಸು, ‘ಒಬ್ಸಿದೇಸ್ ದರೆ’ ಒತ್ತೆಯಾಳುಗಳನ್ನು ಕೊಡು. ಎಲ್ಲಕ್ಕಿಂತ ಅವಮಾನದ್ದು ‘ಸುಬ್ ಯುಗುಮ್ ಮಿತ್ತೆರೆ’, ನೊಗದ ಕೆಳಗೆ ತೂರಿಸು. ಕ್ರಿ.ಪೂ. 321ರಲ್ಲಿ ಕೌದಿಯುಮ್ ಎಂಬಲ್ಲಿ ಕಣಿವೆಯಲ್ಲಿ ಸಿಕ್ಕಿಬಿದ್ದ ರೋಮನ್ ಸೇನೆಗೆ ಸಾಮ್ನೈಟರು ಮಾಡಿದ್ದು ಇದನ್ನೇ.

ಹತ್ತಿರದಿಂದ ಒಂದು ನೋಟ: ಅಲೇಸಿಯ

ಗೆರ್ಗೋವಿಯದ ವರ್ಷದಲ್ಲೇ ಅಲೇಸಿಯದಲ್ಲಿ ವೆರ್ಕಿಂಗೆತೊರಿಕ್ಸ್ ಎಂಬ ಗಾಲ್ ನಾಯಕನನ್ನು ಸೀಸರ್ ಸುತ್ತುಗಟ್ಟಿದ. ಒಳಗಿನವರನ್ನು ತಡೆಯಲು 11 ಮೈಲಿ ಸುತ್ತಳತೆಯ ಒಂದು ಸಾಲು, ಹೊರಗಿನಿಂದ ಬರುವ ನೆರವನ್ನು ತಡೆಯಲು 14 ಮೈಲಿಯ ಇನ್ನೊಂದು. ಈ ಭಾಗದ ಪುಟಗಳು ಪದಕಲಿಕೆಗೆ ಒಳ್ಳೆಯ ಗರಡಿ. ಫೊಸ್ಸ, ಅಗ್ಗೆರ್, ವಲ್ಲುಮ್ ಎಲ್ಲವೂ ಅಳತೆ ಸಮೇತ ಬರುತ್ತವೆ: ಬದಿಗಳು ನೆಟ್ಟಗಿರುವ 20 ಅಡಿ ಅಗಲದ ಕಂದಕ, 12 ಅಡಿ ಎತ್ತರದ ಏರಿ-ಬೇಲಿ, 80 ಅಡಿಗೊಂದು ಗೋಪುರ. ಇಲ್ಲಿ ‘ಲೋರೀಕ’ ಎಂದು ಕಂಡು ಸೈನಿಕನ ಕವಚ ಎಂದುಕೊಂಡೀರಿ, ಜೋಕೆ. ಇಲ್ಲಿ ಅದು ಏರಿಯ ಮೇಲಿನ ಎದೆಮಟ್ಟದ ಮರೆಗೋಡೆ.

ಕಂದಕದ ಆಚೆ ಸೀಸರ್ ಮೂರು ಬಗೆಯ ಬಲೆ ಒಡ್ಡಿದ. ಮೊನೆ ಮಾಡಿದ ಕೊಂಬೆಗಳನ್ನು ಐದು ಸಾಲಾಗಿ ಹೆಣೆದು ನೆಟ್ಟದ್ದು ‘ಕಿಪ್ಪೀ’. ಆ ಪದಕ್ಕೆ ಗಡಿಗಲ್ಲು, ಸಮಾಧಿಗಲ್ಲು ಎಂಬ ಅರ್ಥಗಳಿವೆ. ಅದರ ಮುಂದೆ ಮೂರಡಿ ಆಳದ ಗುಂಡಿಗಳು ಎಂಟು ಸಾಲು. ಪ್ರತಿ ಗುಂಡಿಯಲ್ಲೂ ತೊಡೆಗಾತ್ರದ, ತುದಿ ಸುಟ್ಟು ಗಟ್ಟಿ ಮಾಡಿದ ಗೂಟ, ನೆಲದ ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಕಾಣದಂತೆ, ಮೇಲೆ ಸೊಪ್ಪುಸದೆಯ ಮುಚ್ಚಿಗೆ. ಹೂವಿನ ಆಕಾರದ ಹೋಲಿಕೆಯಿಂದ ಇದಕ್ಕೆ ‘ಲೀಲಿಯ’, ನೈದಿಲೆಯಂಥ ಲಿಲ್ಲಿ ಹೂಗಳು, ಎಂದು ಹೆಸರು. ಕಟ್ಟಕಡೆಯಲ್ಲಿ ಕಬ್ಬಿಣದ ಕೊಕ್ಕೆ ಹೊಡೆದ ಅಡಿಯುದ್ದದ ಮರದ ತುಂಡುಗಳನ್ನು ನೆಲದಲ್ಲಿ ಹೂತಿಟ್ಟರು. ಅವು ‘ಸ್ತಿಮುಲೀ’, ದನ ತಿವಿಯುವ ಮೊನೆಗಳು. ಸಮಾಧಿ, ಹೂವು, ತಿವಿಗೋಲು: ಅಗೆದು ಬೆವರಿಳಿಸಿದ ಸಿಪಾಯಿಗಳ ಕರಾಳ ತಮಾಷೆ ಇದು. ‘ಉರುಳು’ ಎಂದೋ ‘ಅಡೆತಡೆ’ ಎಂದೋ ಬರುವ ಅನುವಾದದಲ್ಲಿ ಅದು ಕಾಣೆಯಾಗುತ್ತದೆ. ಮೂಲ ಓದಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಾಲೆಳೆಯುವ ಜೋಡಿಗಳು

ಬಹುವಚನವಾದೊಡನೆ ಅರ್ಥ ಬದಲಿಸುವ ಪದಗಳಿಗೆ ಬೇರೆ ಹಾಳೆಯನ್ನೇ ಇಡಿ. ‘ಕೋಪಿಯ’ ಸಮೃದ್ಧಿ, ‘ಕೋಪಿಯೈ’ ಪಡೆಗಳು. ‘ಔಕ್ಸಿಲಿಯುಮ್’ ಸಹಾಯ, ‘ಔಕ್ಸಿಲಿಯ’ ಸಹಾಯಕ ಪಡೆಗಳು. ‘ಇಂಪೆದೀಮೆಂತುಮ್’ ಅಡ್ಡಿ, ‘ಇಂಪೆದೀಮೆಂತ’ ಸೇನೆಯ ಸಾಮಾನುಸರಂಜಾಮು. ದಂಡಿನ ವೇಗಕ್ಕೆ ನಿಜವಾದ ಅಡ್ಡಿ ಅದೇ ಆಗಿತ್ತು. ‘ಫೀನಿಸ್’ ಕೊನೆ, ‘ಫೀನೇಸ್’ ಒಂದು ಜನಾಂಗದ ಸೀಮೆ.

ಕೆಲವು ಕ್ರಿಯಾಪದಗಳು ಅವಳಿಜವಳಿಗಳಂತೆ ಕಾಡುತ್ತವೆ. ‘ವಿಂಕೆರೆ’ ಗೆಲ್ಲು, ‘ವಿಂಕೀರೆ’ ಕಟ್ಟಿಹಾಕು. ‘ಕದೆರೆ’ ಬೀಳು, ‘ಕೈದೆರೆ’ ಕಡಿ, ‘ಕೇದೆರೆ’ ಬಿಟ್ಟುಕೊಡು. ಭೂತಕಾಲದಲ್ಲಿ ಬಿದ್ದವನು ‘ಕೆಕಿದಿತ್’, ಕಡಿದವನು ‘ಕೆಕೀದಿತ್’. ರೋಮನ್ ಲಿಪಿಯಲ್ಲಿ ಎರಡಕ್ಕೂ ಒಂದೇ ಕಾಗುಣಿತ. ಪಕ್ಕದಲ್ಲಿ ದ್ವಿತೀಯಾ ವಿಭಕ್ತಿಯ ಪದವಿದ್ದರೆ ಸಾಮಾನ್ಯವಾಗಿ ಕಡಿದವನು, ಇಲ್ಲದಿದ್ದರೆ ಬಿದ್ದವನು. ಶತ್ರುವಿನಲ್ಲೂ ಎರಡು ಬಗೆ: ನಾಡಿನ ಶತ್ರು ‘ಹೊಸ್ತಿಸ್’, ಸ್ವಂತ ಹಗೆ ‘ಇನಿಮೀಕುಸ್’.

ಕಲ್ಲಿನ ಮೇಲಿನ ಲ್ಯಾಟಿನ್

ಪುಸ್ತಕಕ್ಕಿಂತ ಮೊದಲು ಒಂದು ಸಮಾಧಿಗಲ್ಲನ್ನು ಓದಿನೋಡಿ. ಜರ್ಮನಿಯ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಮಾರ್ಕುಸ್ ಕೈಲಿಯುಸ್ ಎಂಬ ಕೆಂತುರಿಯೋವಿನ ಸ್ಮಾರಕವಿದೆ. ಚಿತ್ರ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಎದೆ ತುಂಬ ಪದಕಗಳು, ಕೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು. ಅದರ ಹೆಸರು ‘ವೀತಿಸ್’, ಕೆಂತುರಿಯೋವಿನ ಅಧಿಕಾರದ ಗುರುತು.

ಕೆಳಗಿನ ಬರಹದಲ್ಲಿ ಹಲವು ಪದಗಳು ಮೊಟಕು. ‘ಟಿ, ಎಫ್’ ಎಂದರೆ ತಿತುಸನ ಮಗ. ‘ಲೆಗ್’ ಎಂದರೆ ಲೆಗಿಯೋ. ಮುಂದಿನ ಅಂಕಿಯಲ್ಲಿ ಮೊದಲು ಹತ್ತರ ಗುರುತು, ಆಮೇಲೆ ಎರಡು ಒಂದುಗಳು, ಮತ್ತೆ ಹತ್ತರ ಗುರುತು: ಹತ್ತು, ಜೊತೆಗೆ ಹತ್ತಕ್ಕೆ ಎರಡು ಕಡಿಮೆ, ಒಟ್ಟು 18. ‘ಆನ್’ ಎಂದು ಶುರುವಾಗುವ ಪದ ವಯಸ್ಸಿನದು. 53ರ ಪಕ್ಕದ ಎಸ್ ಅಕ್ಷರ ‘ಸೇಮಿಸ್’, ಅರ್ಧ. ಐವತ್ತಮೂರೂವರೆ ವರ್ಷದ ಈತ ವಾರುಸನ ಯುದ್ಧದಲ್ಲಿ, ಅಂದರೆ ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಮೂರು ಲೆಗಿಯೋಗಳು ನಾಶವಾದಾಗ, ಸತ್ತ. ಸಾಲಿನ ಮೊದಲಕ್ಷರಗಳು ಒಡೆದುಹೋಗಿವೆ. ಉಳಿದದ್ದರಿಂದ ಸಾಮಾನ್ಯವಾಗಿ ‘ಕೆಕಿದಿತ್’ ಎಂದು ಓದುತ್ತಾರೆ. ಬಿದ್ದ, ಎಂದು.

ಕಲ್ಲು ನಿಲ್ಲಿಸಿದವನು ತಮ್ಮನೋ ಅಣ್ಣನೋ ಪುಬ್ಲಿಯುಸ್. ದೇಹ ಸಿಕ್ಕಿರಲಿಲ್ಲ. ಮುಂದೆಂದಾದರೂ ಮೂಳೆಗಳನ್ನು ಇಲ್ಲಿ ತಂದಿಡಬಹುದು ಎಂದು ಬರೆಸಿದ. ಅಲ್ಲಿರುವ ಕ್ರಿಯಾಪದ ‘ಈನ್ಫೆರ್ರೆ’. ಲಾಂಛನಗಳ ಜೊತೆ ಬಂದಾಗ ದಾಳಿ ಮಾಡು, ‘ಬೆಲ್ಲುಮ್’ ಜೊತೆ ಬಂದಾಗ ಪರರ ಮೇಲೆ ಯುದ್ಧ ಹೂಡು, ಮೂಳೆಗಳ ಜೊತೆ ಬಂದಾಗ ಸಮಾಧಿಯೊಳಗೆ ಇಡು. ಪದವನ್ನು ಜೋಡಿಯ ಸಮೇತ ಕಲಿಯಿರಿ ಎಂದದ್ದು ಇದಕ್ಕೇ.

ಉಪಸರ್ಗ ಮತ್ತು ಸಂಸ್ಕೃತದ ನಂಟು

ಪ್ರಹಾರ, ಸಂಹಾರ, ಪರಿಹಾರಗಳನ್ನು ಶಾಲೆಯಲ್ಲಿ ಬಿಡಿಸಿದವರಿಗೆ ಲ್ಯಾಟಿನ್ ಉಪಸರ್ಗಗಳು ಹೊಸತಲ್ಲ. ‘ಎಕ್ಸ್’ ಹೊರಗೆ, ‘ರೆ’ ಹಿಂದೆ, ‘ತ್ರಾನ್ಸ್’ ಆಚೆ, ‘ಕಿರ್ಕುಮ್’ ಸುತ್ತ, ‘ಪ್ರೈ’ ಮುಂಚೆ. ‘ದೂಕೆರೆ’ (ನಡೆಸು) ಒಂದಕ್ಕೆ ಇವನ್ನು ಹಚ್ಚಿದರೆ ಪಡೆಯನ್ನು ಹೊರಡಿಸು, ಹಿಂದಕ್ಕೆ ಕರೆತರು, ನದಿ ದಾಟಿಸು ಎಂಬೆಲ್ಲ ಅರ್ಥ ಹೊರಡುತ್ತದೆ. ದೂಕೆರೆ, ಫೆರ್ರೆ, ಮಿತ್ತೆರೆ, ಪೆಲ್ಲೆರೆ ನಾಲ್ಕರ ಬಳಗ ತಿಳಿದರೆ ಕದನದ ಬಹುಪಾಲು ಚಲನೆ ತಿಳಿದಂತೆ.

1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ಹೇಳಿದ್ದು ಪದ ನೆನಪಿಡಲೂ ಉಪಕಾರಿ. ಎಕ್ವುಸ್-ಅಶ್ವ, ವಿರ್-ವೀರ, ಪೇಸ್-ಪಾದ, ನಾವಿಸ್-ನೌಕೆ, ರೇಕ್ಸ್-ರಾಜ, ಮೊರ್ಸ್-ಮೃತ್ಯು, ಯುಗುಮ್-ಯುಗ (ನೊಗ), ಕೆಂತುಮ್-ಶತ ಇವೆಲ್ಲ ನಿಜವಾದ ಬಂಧುಗಳು. ‘ಎನ್ಸಿಸ್’ ನಮ್ಮ ‘ಅಸಿ’ಯ ಬಂಧು, ಆದರೆ ಅದು ಕಾವ್ಯದ ಕತ್ತಿ, ಸೀಸರನ ಸಿಪಾಯಿಯ ಸೊಂಟದಲ್ಲಿ ಇರುವುದು ಗ್ಲದಿಯುಸ್. ಕನ್ನಡದ ಹಳೆಯ ಯುದ್ಧಪದಗಳಿಗೆ 1894ರ ಕಿಟ್ಟೆಲ್ ನಿಘಂಟು ಪಕ್ಕದಲ್ಲಿರಲಿ.

ಕಾಲದ ಎಚ್ಚರ

ಒಂದೇ ಪದ ಬೇರೆ ಕಾಲದಲ್ಲಿ ಬೇರೆ ವಸ್ತು. ಹನ್ನಿಬಾಲನ ಕಾಲದ ಲೆಗಿಯೋದಲ್ಲಿ ‘ಮನಿಪುಲುಸ್’ ಎಂಬ ತುಕಡಿಗಳು ಮೂರು ಸಾಲಾಗಿ ನಿಲ್ಲುತ್ತಿದ್ದವು: ಮುಂದೆ ‘ಹಸ್ತಾತೀ’, ನಡುವೆ ‘ಪ್ರೀಂಕಿಪೇಸ್’, ಹಿಂದೆ ಅನುಭವಿಗಳಾದ ‘ತ್ರಿಯಾರಿಯೀ’. ಸೀಸರನ ಕಾಲಕ್ಕೆ ಕದನದ ಘಟಕ ಕೊಹೊರ್ಸ್. ಗಣರಾಜ್ಯದಲ್ಲಿ ‘ಇಂಪೆರಾತೊರ್’ ಎಂಬುದು ಗೆದ್ದ ಸೇನಾನಿಗೆ ಸೈನಿಕರು ಕೂಗಿ ಕೊಡುತ್ತಿದ್ದ ಬಿರುದು, ಚಕ್ರವರ್ತಿ ಎಂಬ ಅರ್ಥ ಆಮೇಲಿನದು. ಚಿತ್ರಪುಸ್ತಕಗಳಲ್ಲಿ ಕಾಣುವ ‘ಲೋರೀಕ ಸೆಗ್ಮೆಂತಾತ’ ಎಂಬ ಪಟ್ಟಿಕವಚದ ಹೆಸರಂತೂ ಮುಂದಿನ ವಿದ್ವಾಂಸರು ಇಟ್ಟದ್ದು, ಪ್ರಾಚೀನ ಗ್ರಂಥಗಳಲ್ಲಿ ಇಲ್ಲ. ರೋಮನ್ ಸೇನೆಯ ಬಗ್ಗೆ ವಿವರವಾಗಿ ಬರೆದ ಪೊಲಿಬಿಯಸ್, ಜೋಸೆಫಸ್ ಇಬ್ಬರೂ ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಲ್ಯಾಟಿನ್ ಪದ ಹುಡುಕಬೇಡಿ.

ಮೂರು ತಿಂಗಳ ಯೋಜನೆ

ಮೊದಲ ತಿಂಗಳು ವ್ಯಾಕರಣದ ಅಡಿಪಾಯ. ಹಾನ್ಸ್ ಓರ್ಬರ್ಗ್ ಬರೆದ ‘ಫಮಿಲಿಯ ರೋಮಾನ’ ಪೂರ್ತಿ ಲ್ಯಾಟಿನ್ನಿನಲ್ಲೇ ಇರುವ, ಸುಲಭದಿಂದ ಕಷ್ಟಕ್ಕೆ ಏರುವ ಪಠ್ಯ. ಅದರ 12ನೇ ಪಾಠ ರೋಮನ್ ಸೈನಿಕನದೇ. ನಿಯಮಗಳನ್ನು ಇಂಗ್ಲಿಷ್ ವಿವರಣೆಯೊಂದಿಗೆ ಕಲಿಯಬೇಕೆನ್ನುವವರಿಗೆ ವೀಲಾಕ್ ಪಠ್ಯವಿದೆ. ಜೊತೆಗೆ ಡಿಕಿನ್ಸನ್ ಕಾಲೇಜು ಉಚಿತವಾಗಿ ಕೊಡುವ, ಸುಮಾರು 1,000 ಮೂಲಪದಗಳ ಪಟ್ಟಿಯನ್ನು ಶುರು ಮಾಡಿ. ಏಕೆಂದರೆ ಓದು ನಿಲ್ಲುವುದು ಗ್ಲದಿಯುಸ್‌ನಿಂದಲ್ಲ. ‘ಆದ್ದರಿಂದ’, ‘ಆದರೂ’, ‘ಅಷ್ಟರಲ್ಲಿ’ ಎಂಬಂಥ ಸಣ್ಣ ಪದಗಳೇ ಓದುಗನನ್ನು ನಿಲ್ಲಿಸುವುದು.

ಎರಡನೇ ತಿಂಗಳು ಮೇಲಿನ ದಂಡಯಾತ್ರೆಯ ಪದಗಳು. ದಿನಕ್ಕೆ ಎಂಟು-ಹತ್ತು ಸಾಕು. ಆಂಕಿಯಂಥ ಕಾರ್ಡ್ ಆ್ಯಪ್ ಬಳಸಿ, ಇಲ್ಲವೇ ರಟ್ಟಿನ ಚೀಟಿ ಕತ್ತರಿಸಿಕೊಳ್ಳಿ. ಮುಂಭಾಗದಲ್ಲಿ ‘ಕಸ್ತ್ರ’ ಎಂದು ಬರೆಯಬೇಡಿ, ‘ಕಸ್ತ್ರ ಪೋನೆರೆ’ ಎಂದು ಬರೆಯಿರಿ. ಹಿಂಭಾಗದಲ್ಲಿ ಕನ್ನಡದ ಅರ್ಥ, ಕ್ರಿಯಾಪದದ ನಾಲ್ಕು ರೂಪ. ತಪ್ಪಿದ ಚೀಟಿ ನಾಳೆ, ಸರಿಯಾದದ್ದು ನಾಲ್ಕು ದಿನ ಬಿಟ್ಟು.

ಮೂರನೇ ತಿಂಗಳು ಮೂಲಕ್ಕೆ ಕೈ ಹಾಕಿ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಗ್ರಂಥಾಲಯದಲ್ಲಿ ಸೀಸರನ ಪಠ್ಯ ಉಚಿತ. ಯಾವ ಪದ ಒತ್ತಿದರೂ ವಿಭಕ್ತಿ, ಕಾಲ, ಅರ್ಥ ಕಾಣುತ್ತವೆ. ಶಿಕಾಗೊ ವಿಶ್ವವಿದ್ಯಾಲಯದ ಲೋಗಿಯನ್‌ನಲ್ಲಿ ಹಲವು ನಿಘಂಟುಗಳು ಒಟ್ಟಿಗಿವೆ. ಕಾಗದದ ಪುಸ್ತಕವೇ ಬೇಕೆಂದರೆ ಲೋಬ್ ಮಾಲೆಯ ಕೆಂಪು ರಟ್ಟಿನ ಸಂಪುಟ ಕೊಳ್ಳಿ: ಎಡಪುಟದಲ್ಲಿ ಲ್ಯಾಟಿನ್, ಬಲಪುಟದಲ್ಲಿ ಇಂಗ್ಲಿಷ್. ಬಲಪುಟವನ್ನು ಕಾಗದದಿಂದ ಮುಚ್ಚಿಟ್ಟು, ಒಂದು ವಾಕ್ಯ ಮುಗಿದ ಮೇಲಷ್ಟೇ ತೆರೆಯಿರಿ.

ಮೊದಲ ಪುಸ್ತಕದ ಮೊದಲ ಪುಟದಿಂದ ಆರಂಭಿಸಬೇಕೆಂಬ ಕಟ್ಟಳೆಯೇನಿಲ್ಲ. ನಾಲ್ಕನೇ ಪುಸ್ತಕದ 24ರಿಂದ 26ನೇ ಅಧ್ಯಾಯಗಳು ಚಿಕ್ಕವು, ಚುರುಕಾಗಿವೆ. ಕ್ರಿ.ಪೂ. 55ರಲ್ಲಿ ಬ್ರಿಟನ್ನಿನ ದಡದಲ್ಲಿ ಹಡಗಿನಿಂದ ಇಳಿಯಲು ಹಿಂಜರಿಯುವ ಸೈನಿಕರ ನಡುವಿನಿಂದ ಹತ್ತನೇ ಲೆಗಿಯೋದ ಅಕ್ವಿಲಿಫೆರ್ ನೀರಿಗೆ ಧುಮುಕುವುದು ಅಲ್ಲೇ. ಆಮೇಲೆ ಐದನೇ ಪುಸ್ತಕದ 44ನೇ ಅಧ್ಯಾಯ ಓದಿ. ಪುಲ್ಲೋ, ವೊರೇನುಸ್ ಎಂಬ ಇಬ್ಬರು ಜಿದ್ದಾಜಿದ್ದಿಯ ಕೆಂತುರಿಯೋಗಳು ಒಬ್ಬರನ್ನೊಬ್ಬರು ಉಳಿಸುವ ಕಥೆ ಅದು. ಅಲ್ಲಿಂದ ಏಳನೇ ಪುಸ್ತಕದ ಅಲೇಸಿಯಕ್ಕೆ ಹೋಗಿ, 69, 72, 73, 74ನೇ ಅಧ್ಯಾಯಗಳನ್ನು ಕಾಗದದ ಮೇಲೆ ನಕ್ಷೆ ಬಿಡಿಸುತ್ತಾ ಓದಿ. ನಿಮ್ಮ ನಕ್ಷೆಯಲ್ಲಿ ಫೊಸ್ಸದ ಅಗಲ, ಅಗ್ಗೆರ್‌ನ ಎತ್ತರ, ಲೀಲಿಯಗಳ ಎಂಟು ಸಾಲು ತಮ್ಮ ತಮ್ಮ ಜಾಗದಲ್ಲಿ ಕೂತರೆ ನೀವು ಪರೀಕ್ಷೆ ಪಾಸಾದಂತೆ. ಕೂರದಿದ್ದರೆ ಯಾವ ಪದ ಎಡವಿತೋ ಅದಕ್ಕೊಂದು ಹೊಸ ಚೀಟಿ ಬರೆಯಿರಿ. ಪದಗಳೆಲ್ಲ ಬಂದ ಮೇಲೆ ಓದುತ್ತೇನೆ ಎಂದು ಮುಂದೂಡುವವರು ಓದುವುದೇ ಇಲ್ಲ. ಅರೆಬರೆ ತಿಳಿದು ಓದಲು ತೊಡಗಿದವರಿಗೆ ಉಳಿದ ಪದಗಳನ್ನು ಸೀಸರನೇ ಕಲಿಸುತ್ತಾನೆ.